ಕರಿ ಉಣ್ಣೆಯ ಏಳು ಗಂಟು

"ಯವ್ವಾ, ಆ ಹುರಿ ಬಿಚ್ಚಬ್ಯಾಡ. ನಿನ್ನ ಕಾಲಿಗೆ ಬೀಳ್ತೀನಿ, ಬಿಚ್ಚಬ್ಯಾಡ."

ಅಂದವಳೇ ಮುದುಕಿ ನಿಜವಾಗಿಯೂ ಕಾಲಿಗೆ ಬೀಳಲು ಬಗ್ಗಿದಳು. ನಿಗಾರ್ ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದಳು. ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ. ರಾಯಚೂರಿನ ಬಿಸಿಲು ಗೊತ್ತಿದ್ದವರಿಗೆ ಹೇಳಬೇಕಾದ್ದಿಲ್ಲ, ಗೊತ್ತಿಲ್ಲದವರಿಗೆ ಹೇಳಿದರೆ ನಂಬುವುದಿಲ್ಲ. ಅಂಥ ಬಿಸಿಲಿನಲ್ಲಿ ದೇವದುರ್ಗದ ಆಚೆಯ ಹಳ್ಳಿಯಿಂದ ಎರಡು ಬಸ್ಸು ಬದಲಿಸಿ, ವಿಶ್ವವಿದ್ಯಾಲಯದ ಗೇಟಿನಿಂದ ವಸ್ತುಸಂಗ್ರಹಾಲಯದ ಬಾಗಿಲವರೆಗೆ ಬರಿಗಾಲಲ್ಲಿ ನಡೆದು ಬಂದಿದ್ದಳು ಎಪ್ಪತ್ತು ದಾಟಿದ ಮಾರೆಮ್ಮ.

ಅವಳು ಕೇಳಿಕೊಂಡು ಬಂದದ್ದು ಒಂದು ಹುರಿಯನ್ನು. ಎರಡು ಮೊಳ ಉದ್ದ, ಕಿರುಬೆರಳಿನ ದಪ್ಪ, ಕರಿಕುರಿಯ ಉಣ್ಣೆಯಲ್ಲಿ ಹೊಸೆದದ್ದು. ಉದ್ದಕ್ಕೂ ಏಳು ಗಂಟು. ಕುರಿಗಾಹಿಗಳ ಬದುಕನ್ನು ತೋರಿಸುವ ಹೊಸ ಕೋಣೆಗೆಂದು ವಿಶ್ವವಿದ್ಯಾಲಯದ ಜೀಪು ಹಳ್ಳಿ ಹಳ್ಳಿ ತಿರುಗಿ ಹಳೆಯ ಸಾಮಾನು ಕೂಡಿಸಿತ್ತು. ಮಾರೆಮ್ಮ ಕವಿತಾಳದ ಬೀಗರ ಮನೆಗೆ ಹೋದ ಸಮಯ ನೋಡಿ ಅವಳ ಅಣ್ಣನ ಮಗ ಹನುಮೇಶ ಅಟ್ಟದ ಮೇಲಿದ್ದದ್ದನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಕೊಟ್ಟುಬಿಟ್ಟಿದ್ದ. ಕಂಬಳಿ, ಉಣ್ಣೆ ಕತ್ತರಿಸುವ ಕತ್ತರಿ, ಹಾಲಿನ ಗಡಿಗೆ, ಜೊತೆಗೆ ಈ ಹುರಿ. ಅವನಿಗೆ ಒಂದು ಪ್ರಶಸ್ತಿಪತ್ರ ಸಿಕ್ಕಿತು, ಪೇಪರಿನಲ್ಲಿ ಫೋಟೋ ಬಂತು. ಇರಲಾರದವರು ಇರುವೆ ಬಿಟ್ಟುಕೊಂಡರು ಅಂತಾರಲ್ಲ, ಹಾಗಾಯಿತು.

"ಅಜ್ಜಿ, ಇದಕ್ಕ ರಿಜಿಸ್ಟರಿನಾಗ ನಂಬರ್ ಬಿದ್ದದ," ಎಂದಳು ನಿಗಾರ್. "ಒಂದ್ ಸಲ ನಂಬರ್ ಬಿತ್ತಂದ್ರ ವಾಪಸ್ ಕೊಡೋದು ನನ್ನ ಕೈಯಾಗ ಇಲ್ಲ. ಸಮಿತಿ ಕೂಡಬೇಕು."

"ಯಾವಾಗ ಕೂಡ್ತದ?"

"ವರ್ಷಕ್ಕ ಒಂದ್ ಸಲ."

ಮಾರೆಮ್ಮ ನೆಲದ ಮೇಲೆ ಕುಕ್ಕರಿಸಿದಳು. ತನ್ನ ಅಂಗೈಗಳನ್ನು ನೋಡಿಕೊಂಡಳು. ಆಮೇಲೆ ಅಂದಳು, "ಹಂಗಾರ ಹೆಂಗದ ಹಂಗೇ ಇಡು. ಬಿಚ್ಚಬ್ಯಾಡ. ತಪ್ಪಿ ಬಿಚ್ಚಿದ್ರ ತಿರುಗಿ ಕಟ್ಟಬ್ಯಾಡ. ಕಟ್ಟಲೇಬೇಕಂದ್ರ ಬಾಯಿ ಮುಚ್ಚಿಗೊಂಡು ಕಟ್ಟು."

ನಿಗಾರಳಿಗೆ ನಗು ತಡೆಯಲಾಗಲಿಲ್ಲ. "ಅದೊಂದು ನನ್ನ ಕಡೆ ಆಗಂಗಿಲ್ಲ ಅಜ್ಜಿ. ಬೇಕಾದ್ರ ನಮ್ಮ ಮನಿಯವರ್ನ ಕೇಳ್ರಿ, ಅಲ್ಲೇ ಕುಂತಾರ."

ಮೂಲೆಯ ಟೇಬಲ್ಲಿನಲ್ಲಿ ಕ್ಯಾಮೆರಾ ಒರೆಸುತ್ತಿದ್ದ ನಯೀಮ್ ಕೂಡ ನಕ್ಕ. ಆದರೆ ಅವನ ನಗು ಬೇರೆ. ಎದ್ದು ಮುದುಕಿಗೆ ತಣ್ಣೀರು ಕೊಟ್ಟ, ಫ್ಯಾನಿನ ಕೆಳಗೆ ಕೂಡಿಸಿದ, ತನ್ನ ಚಪ್ಪಲಿ ಬಿಚ್ಚಿ ಅವಳ ಕಾಲಿಗೆ ಹಾಕಿ, ಬೈಕಿನ ಮೇಲೆ ಬಸ್‌ಸ್ಟ್ಯಾಂಡಿಗೆ ಬಿಟ್ಟು ಬಂದ. ಬರಿಗಾಲಲ್ಲಿ ಗೇರ್ ಹಾಕಿದ್ದರಿಂದ ಅವನ ಹೆಬ್ಬೆರಳು ಕೆಂಪಗಾಗಿತ್ತು. "ಪಾಪ, ದಾರಿಯುದ್ದಕ್ಕೂ ಅಳಾಕತ್ತಿದ್ಳು," ಎಂದ.

"ಓದಿದವರು ಇರೋ ಕಡೇನೂ ಇಂಥಾ ಮಾತು ಕೇಳಬೇಕೇನು?" ಎಂದಳು ನಿಗಾರ್. ಓದಿದವರ ಸೊಕ್ಕು ದೊಡ್ಡದು. ಅದು ಇಳಿಯುವಾಗ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದಿಲ್ಲ.

*

ನಿಗಾರ್ ಬಳ್ಳಾರಿಯ ಹುಡುಗಿ. ಹಳೆಯ ವಸ್ತುಗಳನ್ನು ಶುಚಿ ಮಾಡಿ ಕಾಪಾಡುವ ವಿದ್ಯೆ ಕಲಿತವಳು. ನಯೀಮ್ ಮಾನ್ವಿಯವನು. ಅವನ ತಾಯಿ ಅಮೀರ್ ಬೀ ಅಲ್ಲಿನ ಬಜಾರಿನಲ್ಲಿ ಬಳೆ ಅಂಗಡಿ ಇಟ್ಟು ಮಗನನ್ನು ಓದಿಸಿದ್ದಳು. ಅವನು ವಸ್ತುಸಂಗ್ರಹಾಲಯದಲ್ಲಿ ಫೋಟೋ ತೆಗೆಯುವ, ವಿವರ ಬರೆದಿಡುವ ಕೆಲಸದಲ್ಲಿದ್ದ. ಮದುವೆಯಾಗಿ ಎರಡು ವರ್ಷ. ಒಂದೇ ಕಡೆ ಕೆಲಸ ಬೇಕೆಂದು ಅರ್ಜಿ ಹಾಕಿ ಹಾಕಿ, ಕೊನೆಗೆ ಅವಳಿಗೂ ಅಲ್ಲೇ ಸಿಕ್ಕು ಬರೀ ಮೂರು ತಿಂಗಳಾಗಿತ್ತು. ಬೆಳಿಗ್ಗೆ ಒಂದೇ ಬೈಕಿನಲ್ಲಿ ಹೋಗಿ ಸಂಜೆ ಒಂದೇ ಬೈಕಿನಲ್ಲಿ ಬರುವುದೇ ಅವರಿಗೊಂದು ಹಬ್ಬ.

ನೀವು ಗಾಜಿನ ಪೆಟ್ಟಿಗೆಯ ಮುಂದೆ ನಿಂತು ಅರೆಗಳಿಗೆ ನೋಡಿ ಮುಂದೆ ಹೋಗುತ್ತೀರಲ್ಲ, ಅದರ ಹಿಂದೆ ಇಂಥವರ ತಿಂಗಳುಗಟ್ಟಲೆ ದುಡಿಮೆ ಇರುತ್ತದೆ. ಕೆಳಗಿನ ಉಗ್ರಾಣದಲ್ಲಿ ಹಗಲೂ ಕತ್ತಲೆ. ಬೆಳಕು ಬಟ್ಟೆಯ ಬಣ್ಣ ತಿನ್ನುತ್ತದೆಂದು ಕಿಟಕಿಗಳಿಗೆಲ್ಲ ಕರಿ ಪರದೆ. ನುಸಿಗುಳಿಗೆಯ ಘಾಟು, ಹಳೆಯ ಉಣ್ಣೆಯ ಜಿಡ್ಡು ವಾಸನೆ, ಮೂಗಿಗೇರುವ ಸ್ಪಿರಿಟ್ಟು. ಟೇಬಲ್ ಲೈಟಿನ ಅಂಗೈಯಗಲದ ಬೆಳಕಿನಲ್ಲಿ ನಿಗಾರ್ ಮೆತ್ತನೆಯ ಕುಂಚದಿಂದ ಒಂದೊಂದೇ ಎಳೆಯ ಧೂಳು ಬಿಡಿಸುವಳು.

"ಸತ್ತ ಕುರಿ ಉಣ್ಣೆಗೆ ಇಷ್ಟು ಸ್ನಾನ ಮಾಡಸ್ತಿ," ಎಂದು ನಯೀಮ್ ಕಾಡುವನು. "ಜೀವಂತ ಗಂಡಗ ಒಂದ್ ದಿನ ನೀರು ಕಾಸಿ ಕೊಟ್ಟಿಲ್ಲ."

"ನಿನಗ ನುಸಿ ಹತ್ತಲಿ, ಆವಾಗ ನೋಡೋಣು."

ನುಸಿ ಹತ್ತಿದ್ದು ಹುರಿಗೆ. ಗಂಟುಗಳ ಒಳಗೆ ಹುಳು ಮೊಟ್ಟೆ ಇಟ್ಟಿತ್ತು. ಬಿಚ್ಚದೆ ತೆಗೆಯುವಂತಿರಲಿಲ್ಲ. ತೆಗೆಯದಿದ್ದರೆ ಇಡೀ ಉಗ್ರಾಣದ ಕಂಬಳಿಗಳಿಗೆ ಹರಡುತ್ತಿತ್ತು. ಅವಳು ನಿಯಮದ ಪ್ರಕಾರವೇ ಮಾಡಿದಳು. ಮೊದಲು ನಾಲ್ಕು ಮಗ್ಗುಲಿನ ಫೋಟೋ, ಆಮೇಲೆ ಸೂಜಿಯಿಂದ ಒಂದೊಂದೇ ಗಂಟು ಸಡಿಲಿಸಿದಳು. ಪ್ರತಿ ಗಂಟಿನೊಳಗೂ ಗಂಡಸಿನ ಗಿಡ್ಡ ತಲೆಗೂದಲೊಂದು ಸುತ್ತಿಕೊಂಡಿತ್ತು. ಏಳನೆಯದು ಬಿಚ್ಚಿದಾಗ ಬಹಳ ದಿನ ಮುಚ್ಚಿದ ಬಾಯಿ ತೆರೆದಂಥ ಹಳಸು ವಾಸನೆ ಮುಖಕ್ಕೆ ಬಡಿಯಿತು. ಅವಳು ಮಾಸ್ಕ್ ಏರಿಸಿಕೊಂಡು ಕೂದಲುಗಳನ್ನು ಚಿಮಟದಿಂದ ಎತ್ತಿ ಕಾಗದದ ಪೊಟ್ಟಣಕ್ಕೆ ಹಾಕಿದಳು.

ಮಂಗಳವಾರ ಮಧ್ಯಾಹ್ನ ಹನ್ನೆರಡಕ್ಕೆ ತಿರುಗಿ ಕಟ್ಟಲು ಕೂತಳು. ಮೊದಲಿದ್ದಂತೆಯೇ ಬರಬೇಕು. ಅವಳ ಕೈಯಲ್ಲಿ ಹುರಿ, ಎದುರಿಗೆ ಫೋಟೋ. ನಯೀಮ್ ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ವೀಡಿಯೋ ಹಚ್ಚಿ, ನೋಟ್‌ಬುಕ್ ತೆರೆದ. ಇದು ಅವರ ದಿನದ ರೂಢಿ. ಅವಳು ಮಾಡುತ್ತ ಕೂಗುವಳು, ಅವನು ಬರೆಯುವನು.

"ನಯೀಮ್, ಬರಕೋ. ಒಂದನೇ ಗಂಟು. ಎಡಮುರಿ, ಎರಡು ಸುತ್ತು."

"ಹೂಂ."

"ನಯೀಮ್, ಎರಡನೇದು. ಎಡಮುರಿ, ಮೂರು ಸುತ್ತು."

ಹೀಗೆ ಏಳು ಸಲ. ಏಳನೆಯ ಗಂಟು ಬಿಗಿಯುವಾಗ ಕರೆಂಟು ಹೋಯಿತು. ಕತ್ತಲೆಯಲ್ಲಿ ಹುರಿ ಅವಳ ಬೆರಳಿನ ನಡುವೆ ತಾನಾಗಿಯೇ ಒಮ್ಮೆ ಬಿಗಿದುಕೊಂಡಂತೆ ಆಯಿತು. ಬೆವರಿಗೆ ಉಣ್ಣೆ ಹಾಗಾಗುತ್ತದೆಂದುಕೊಂಡಳು.

*

ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ ನಯೀಮ್ ಕುರ್ಚಿಯಿಂದ ಏಳಲು ಹೋಗಿ ಕುಸಿದ. "ಕಾಲು ಜೋಮು ಹಿಡದಾವ," ಎಂದು ನಕ್ಕ. ಸಂಜೆಯಾದರೂ ಜೋಮು ಬಿಡಲಿಲ್ಲ. ಆಟೋದಲ್ಲಿ ಆಸ್ಪತ್ರೆಗೆ ಒಯ್ದರು.

ಗುರುವಾರ ಅದೇ ಹೊತ್ತಿಗೆ ಕೈಯಲ್ಲಿದ್ದ ಗ್ಲಾಸು ಬಿತ್ತು. ಎರಡೂ ಕೈ ಸತ್ತವು.

ಶುಕ್ರವಾರ ನುಂಗಲು ಬರದಾಯಿತು. ಅಂದೇ ಹೊಸ ಕೋಣೆಯ ಉದ್ಘಾಟನೆ. ನಿಗಾರ್ ಅರ್ಧ ಗಂಟೆ ಹೋಗಿ, ಹುರಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, 'ಕುರಿ ಕಟ್ಟುವ ಹುರಿ, ಉಣ್ಣೆ' ಎಂಬ ಚೀಟಿ ಹಚ್ಚಿ, ಬೀಗ ಹಾಕಿ ಓಡಿಬಂದಳು. ಪಾಪ, ವೈದ್ಯರು ಮಾಡದ ಪರೀಕ್ಷೆಯಿಲ್ಲ. ರಕ್ತ, ಮೆದುಳು, ಬೆನ್ನುಹುರಿ, ಎಲ್ಲ ಸರಿಯಾಗಿಯೇ ಇತ್ತು. ಮಾನ್ವಿಯಿಂದ ಅಂಗಡಿ ಮುಚ್ಚಿ ಬಂದ ಅಮೀರ್ ಬೀ ಮಗನ ತಲೆಯ ಬಳಿ ಕೂತು ಬೆರಳಿನ ಮೇಲೆ ಜಪ ಎಣಿಸುತ್ತಿದ್ದಳು.

ಶನಿವಾರ ಹನ್ನೊಂದೂವರೆಗೆ ನಯೀಮ್ ಹೆಂಡತಿಯನ್ನು ಹತ್ತಿರ ಕರೆದ. "ನಿಗ್ಗೂ, ಎದ್ದ ಮ್ಯಾಲ ಮೊದಲು ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿನ್ನಬೇಕು. ನೀ ಮಾಡಿದ್ದಲ್ಲ, ಬಜಾರಿನ ಬಂಡಿದು." ಅವಳು ಅಳುತ್ತಲೇ ನಕ್ಕು ಅವನ ಕೆನ್ನೆಗೊಂದು ಏಟು ಹಾಕಿದಳು. ಹನ್ನೆರಡಕ್ಕೆ ಅವನ ಮಾತು ನಿಂತಿತು. ಬಾಯಿ ತೆರೆಯುತ್ತಿದ್ದ, ಗಾಳಿಯೊಂದು ಬರುತ್ತಿತ್ತು, ಅಷ್ಟೇ.

ಭಾನುವಾರ ಕಿವಿ ಹೋಯಿತು. ಅವಳು ಕರೆದರೆ ಅವನು ಬಾಗಿಲ ಕಡೆ ನೋಡುತ್ತಿದ್ದ. ಬರೀ ಕಣ್ಣು ಉಳಿದಿತ್ತು. ಆ ಕಣ್ಣು ಅವಳ ಹಿಂದೆಯೇ ತಿರುಗುತ್ತಿತ್ತು.

ಸೋಮವಾರ ಮಧ್ಯಾಹ್ನ ಅದೂ ನಿಂತಿತು. ಕಣ್ಣು ತೆರೆದೇ ಇತ್ತು, ಅವಳು ಕೈಯಾಡಿಸಿದರೂ ರೆಪ್ಪೆ ಬಡಿಯಲಿಲ್ಲ.

ಅವಳು ಹೊರಗೆ ಮೆಟ್ಟಿಲ ಮೇಲೆ ಬಂದು ಕೂತಳು. ಅವನ ದನಿಯನ್ನಾದರೂ ಕೇಳಬೇಕೆನಿಸಿತು. ಮೊಬೈಲಿನಲ್ಲಿ ಅವನ ಕೊನೆಯ ವೀಡಿಯೋ ಹುಡುಕಿ ಹಚ್ಚಿದಳು. ತನ್ನದೇ ಕೈ, ಕರಿ ಹುರಿ, ಎಡಮುರಿ, ಎರಡು ಸುತ್ತು. ನಯೀಮ್, ಬರಕೋ. ನಯೀಮ್, ಎರಡನೇದು. ನಯೀಮ್, ಮೂರನೇದು. ನಯೀಮ್. ನಯೀಮ್. ನಯೀಮ್. ನಯೀಮ್.

ಏಳು ಗಂಟು. ಏಳು ಸಲ ಹೆಸರು. ಆರು ದಿನ ಆಗಿತ್ತು.

ಬಾಯಿ ಮುಚ್ಚಿಗೊಂಡು ಕಟ್ಟು ಎಂದು ಕಾಲಿಗೆ ಬಿದ್ದು ಹೇಳಿದ್ದಳಲ್ಲ ಆ ಮುದುಕಿ! ನಿಗಾರ್ ಎದ್ದಳು. ಅತ್ತೆಗೆ ಒಂದು ಮಾತೂ ಹೇಳದೆ ದೇವದುರ್ಗದ ಬಸ್ಸು ಹತ್ತಿದಳು.

*

ಹೊತ್ತು ಮುಳುಗುವಾಗ ಹಳ್ಳಿ ಮುಟ್ಟಿದಳು. ಮಾರೆಮ್ಮ ಹಟ್ಟಿಯ ಮುಂದೆ ಕುರಿಮರಿಗೆ ಎಲೆ ಹಾಕುತ್ತಿದ್ದಳು. ಕಾಲಲ್ಲಿ ನಯೀಮನ ಚಪ್ಪಲಿ. ನಿಗಾರಳ ಮುಖ ನೋಡಿದ್ದೇ ತಡ, ಕೈಯಲ್ಲಿದ್ದ ಎಲೆ ಕೆಳಗಿಟ್ಟು ಕೇಳಿದಳು, "ಕಟ್ಟುವಾಗ ಯಾರ ಹೆಸರು ಬಾಯಾಗ ಬಂತು?"

ನಿಗಾರ್ ಆ ಚಪ್ಪಲಿಯ ಕಡೆ ಕೈ ತೋರಿಸಿದಳು.

"ಅಯ್ಯೋ ನನ ಕೂಸೇ," ಎಂದಳು ಮಾರೆಮ್ಮ. "ಅವನಂಥವಗ ಯಾಕ ಬಂತು ಇದು?"

ಒಳಗೆ ಕೂಡಿಸಿಕೊಂಡು ಎಲ್ಲ ಹೇಳಿದಳು. ಅವಳ ಗಂಡ ಯಂಕೋಬ ಕುರಿ ಹೊಡೆದುಕೊಂಡು ಹೊಳೆಸಾಲಿಗೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಚೀಕಲಪರ್ವಿಯಲ್ಲಿ ಒಬ್ಬಳನ್ನು ಇಟ್ಟುಕೊಂಡಿದ್ದಾನೆಂದು ಸುದ್ದಿ ಬಂತು. ಮಾರೆಮ್ಮನಿಗೆ ಆಗ ಹತ್ತೊಂಬತ್ತು. ಹಾದಿಹೋಕ ಮಾಟಗಾರನೊಬ್ಬ ಹೇಳಿಕೊಟ್ಟ. ಮಟಮಟ ಮಧ್ಯಾಹ್ನ ಗಂಡನ ಹೆಸರು ಹೇಳಿ ಏಳು ಗಂಟು ಹಾಕು, ಹೊಸ್ತಿಲು ದಾಟುವುದಿಲ್ಲ ಎಂದ.

"ಮನ್ಯಾಗ ಉಳೀಲಿ ಅಂತ ಕಟ್ಟಿದ್ನಿ ಯವ್ವಾ. ಉಳದ. ಏಳು ದಿವಸ ಉಳದ." ಮಾರೆಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಐವತ್ತು ವರ್ಷ ಅದನ್ನ ತಲಿ ಕೆಳಗಿಟ್ಟುಗೊಂಡು ಮಲಗೀನಿ. ಸುಟ್ರ ಹೊಗಿ ಯಾರ ಮನಿಗೆ ಹೋಗ್ತದೋ, ಹೊಳಿಗೆ ಬಿಟ್ರ ಯಾರ ಕೈಗೆ ಸಿಗ್ತದೋ ಅಂತ ಅಂಜಿಕಿ."

"ನಾ ಬಿಚ್ತೀನಿ ಅಜ್ಜಿ. ನಮ್ಮ ಕೆಲಸದಾಗ ಮಾಡಿದ್ದೆಲ್ಲ ತಿರುಗಿ ಬಿಚ್ಚಾಕ ಬರ್ತದ. ಈಗ ಹೋಗಿ ಬಿಚ್ತೀನಿ."

"ಬರೇ ಬಿಚ್ಚಿದ್ರ ನಡಿಯಂಗಿಲ್ಲ. ನನ್ನ ಗಂಡನ್ನ ತಿಂದು ಅದು ಮಲಗಿತ್ತು. ನೀ ಎಬ್ಬಿಸಿದಿ. ಎದ್ದದ್ದು ಒಬ್ಬರನ್ನ ತಿಂದೇ ಮಲಗ್ತದ. ಆ ಹುಡುಗನ್ನ ಬಿಡಬೇಕಂದ್ರ ಇನ್ನೊಬ್ಬರ ಹೆಸರ ಹೇಳಿ ಕಟ್ಟಬೇಕು."

"ನನ್ನ ಹೆಸರು ಹೇಳಿ ಕಟ್ಟಿಗೊಂತೀನಿ."

"ತನ್ನ ಹೆಸರ ತಾ ಕಟ್ಟಿಗೊಳ್ಳಾಕ ಆಗಂಗಿಲ್ಲ. ಆಗಿದ್ರ ನಾ ಐವತ್ತು ವರ್ಷದ ಹಿಂದೇ ಕಟ್ಟಿಗೊಂತಿದ್ನಿ."

"ನೀವು ಕಟ್ರಿ. ನಿಗಾರ್ ಅಂತ ಹೇಳಿ ನೀವು ಕಟ್ರಿ."

"ಒಂದ್ ಕೈಯಿಂದ ಅದು ಒಂದೇ ಸಲ ಎದ್ದೇಳ್ತದ. ಈ ಸಲ ಎಬ್ಬಿಸಿದ ಕೈ ನಿಂದು. ನೀನೇ ಬಿಚ್ಚಬೇಕು, ನೀನೇ ಕಟ್ಟಬೇಕು."

ಹೊರಗೆ ಮರಿಯೊಂದು ತಾಯಿಯನ್ನು ಕರೆಯುತ್ತಿತ್ತು. ಯಾರ ಹೆಸರು ಹೇಳುವುದು? ಕೊಂದವರ, ಕದ್ದವರ ಮುಖಗಳೆಲ್ಲ ನಿಗಾರಳ ಕಣ್ಣ ಮುಂದೆ ಬಂದುಹೋದವು. ಪೇಪರಿನಲ್ಲಿ ಓದಿದ, ಮುಖ ಕಾಣದವರ ಹೆಸರನ್ನೂ ನೆನಪಿಸಿಕೊಂಡಳು. ಹಾಗೆ ನೆನಪಿಸಿಕೊಳ್ಳುತ್ತಿರುವವಳು ತಾನೇನಾ ಎಂದು ಅವಳಿಗೆ ಭಯವಾಯಿತು.

ಮಾರೆಮ್ಮ ಗೂಟಕ್ಕೆ ನೇತುಹಾಕಿದ್ದ ಕಂಬಳಿ ಎತ್ತಿ ಹೆಗಲಿಗೆ ಹಾಕಿಕೊಂಡಳು. "ಬೆಳಗಿನ ಮೊದಲ ಬಸ್ಸಿಗೆ ಹೋಗೋಣು. ನನ್ನ ಹೆಸರ ನಿನಗ ಗೊತ್ತಲ್ಲ?"

ಬೇಡ ಎನ್ನಬೇಕಿತ್ತು. ಅಜ್ಜಿ, ಹಾಗನ್ನಬೇಡಿ ಎಂದು ಬಾಯಿಮಾತಿಗಾದರೂ ಅನ್ನಬೇಕಿತ್ತು. ನಿಗಾರ್ ಅನ್ನಲಿಲ್ಲ. ಗೊತ್ತು ಎಂದು ತಲೆಯಾಡಿಸಿದಳು.

*

ಮಂಗಳವಾರ. ಮೊದಲ ಬಸ್ಸು ಸಿರವಾರ ದಾಟಿ ಟೈರು ಒಡೆದು ನಿಂತಿತು. ರಾಯಚೂರು ಮುಟ್ಟುವಾಗ ಹನ್ನೊಂದು ದಾಟಿತ್ತು. ಹೊಸ ಕೋಣೆಯಲ್ಲಿ ಮುಖ್ಯಸ್ಥ ಶೇಖರ ಅವರು ಅತಿಥಿಗಳನ್ನು ಕರೆದುಕೊಂಡು ಅದೇ ಪೆಟ್ಟಿಗೆಯ ಮುಂದೆ ನಿಂತಿದ್ದರು. ಕುರಿ ಕಟ್ಟುವ ಹುರಿಯ ಹೊಸೆತದ ಬಗ್ಗೆ ಸಾವಕಾಶವಾಗಿ ವಿವರಿಸುತ್ತಿದ್ದರು. ಹನ್ನೊಂದು ಇಪ್ಪತ್ತು. ಹನ್ನೊಂದೂವರೆ. ನಿಗಾರ್ ಬಾಗಿಲಿಗೆ ಒರಗಿ ಬೀಗದಕೈ ಹಿಡಿದು ನಿಂತಳು. ಅದು ಅವಳ ಅಂಗೈಯಲ್ಲಿ ಗುರುತು ಮೂಡಿಸಿತು. ಅವರು ಅತ್ತ ಸರಿದದ್ದೇ, ಪೆಟ್ಟಿಗೆ ತೆರೆದು ಹುರಿ ಬಾಚಿಕೊಂಡು ಉಗ್ರಾಣಕ್ಕೆ ಇಳಿದಳು. ಹಿಂದೆ ಮಾರೆಮ್ಮ.

ಆಸ್ಪತ್ರೆಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು.

"ಬೇಟೀ, ಎಲ್ಲಿದ್ದಿ?" ಅಮೀರ್ ಬೀ ಕೂಗಿದಳು. "ಉಸಿರು ಸಣ್ಣ ಆಗಾಕತ್ತದ. ಡಾಕ್ಟರೆಲ್ಲ ಓಡಿ ಬಂದಾರ."

"ಅಮ್ಮಾ, ಫೋನ್ ಅವನ ಬಾಯಿ ಹತ್ತರ ಹಿಡಿರಿ. ತಗೀಬ್ಯಾಡ್ರಿ."

ಕತ್ತಲೆ. ಟೇಬಲ್ ಲೈಟು. ಫೋನಿನಿಂದ ನಯೀಮನ ಉಸಿರು. ಎಳೆದು, ನಿಂತು, ಮತ್ತೆ ಎಳೆದು.

ಅವಳೇ ಸಡಿಲವಾಗಿ ಹಾಕಿದ ಗಂಟುಗಳು ಕಲ್ಲಾಗಿದ್ದವು. ಸೂಜಿ ಬಾಗಿತು. ಎರಡನೆಯ ಸೂಜಿ ಮುರಿಯಿತು. ಹಲ್ಲಿನಿಂದ ಎಳೆದಳು. ಬಾಯಿತುಂಬ ಹಳಸು ವಾಸನೆ. ಮೊದಲ ಗಂಟು ಬಿಚ್ಚಿತು. ಒಳಗೊಂದು ಕೂದಲು. ಗುಂಗುರು. ನಯೀಮನದು. ಅವಳು ಇಟ್ಟದ್ದಲ್ಲ. ಯಾರೂ ಇಟ್ಟದ್ದಲ್ಲ. ಎರಡನೆಯದು. ಮೂರನೆಯದು. ಉಗುರು ಕಿತ್ತು ರಕ್ತ ಬಂತು. ಉಣ್ಣೆ ಅದನ್ನು ಹೀರಿಕೊಂಡಿತು. ಐದು. ಆರು. ಏಳು.

ಹನ್ನೆರಡಕ್ಕೆ ಆರು ನಿಮಿಷ.

"ಈಗ ಕಟ್ಟು," ಎಂದಳು ಮಾರೆಮ್ಮ. ಅವಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಫೋಟೋ ತೆಗೆಸಿಕೊಳ್ಳುವವಳಂತೆ ಸೆರಗು ಸರಿಮಾಡಿಕೊಂಡು ಕೂತಿದ್ದಳು.

"ಮಾರೆಮ್ಮ," ಎಂದಳು ನಿಗಾರ್. ಒಂದು ಗಂಟು.

"ಮಾರೆಮ್ಮ." ಎರಡು.

"ಗಟ್ಟಿ ಹೇಳು ಯವ್ವಾ. ಅಳಬ್ಯಾಡ, ಹೆಸರು ಒಡೀತದ."

"ಮಾರೆಮ್ಮ." ಮೂರು. ನಾಲ್ಕು. ಐದು. ಆರು.

ಏಳನೆಯದಕ್ಕೆ ಕೈ ನಿಂತಿತು. ಎದುರಿಗೆ ಒಂದು ಜೀವ ಕೂತಿದೆ. ಉಸಿರಾಡುತ್ತಿದೆ. ತನ್ನನ್ನೇ ನೋಡುತ್ತಿದೆ. ಹೇಗೆ ಹೇಳುವುದು? ಯಾವ ಬಾಯಿಂದ ಹೇಳುವುದು?

ಫೋನಿನಲ್ಲಿ ಉಸಿರು ನಿಂತಿತು.

ಅದು ಮತ್ತೆ ಎಳೆಯಲಿಲ್ಲ. ಯಾರೋ ಓಡಿದ ಸದ್ದು. ಏನೋ ಬಿದ್ದ ಸದ್ದು. ಅಮೀರ್ ಬೀಯ ಚೀತ್ಕಾರ.

"ಮಾರೆಮ್ಮ!"

ಬಿಗಿದಳು. ಉಗ್ರಾಣದ ಮೂಲೆಯಲ್ಲಿ ಸಾಲಾಗಿ ಮಡಿಸಿಟ್ಟ ಕಂಬಳಿಗಳು ಒಮ್ಮೆಗೇ ಉಬ್ಬಿ ಇಳಿದವು. ಆಮೇಲೆ ಫೋನಿನಲ್ಲಿ ಕೆಮ್ಮು. ಒಣ ಕೆಮ್ಮು, ಮತ್ತೆ ಮತ್ತೆ. ಅದರ ನಡುವೆ ಮೂರು ದಿನದಿಂದ ಕೇಳದ ದನಿ, "ಅಮ್ಮಾ, ಯಾಕ ಅಳಾಕತ್ತಿ? ನಿಗಾರ್ ಎಲ್ಲಿ?"

ನಿಗಾರ್ ಟೇಬಲ್ಲಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಸಂತೋಷಕ್ಕೇ ಅತ್ತಳು, ಅದನ್ನೇನು ಮುಚ್ಚಿಡುವುದು. ಅತ್ತು ಮುಗಿದ ಮೇಲೆಯೇ ಹಿಂದೆ ಕೂತ ಮುದುಕಿಯ ನೆನಪಾದದ್ದು.

*

ಅಂದೇ ಸಂಜೆ ಆಸ್ಪತ್ರೆಗೆ ಹೋಗಿ, ಎದ್ದು ಕೂತಿದ್ದ ಗಂಡನಿಗೆ ಹಳ್ಳಿಗಳಲ್ಲಿ ವಿವರ ಬರೆದುಕೊಳ್ಳುವ ಕೆಲಸವಿದೆ ಎಂದು ಸುಳ್ಳು ಹೇಳಿದಳು. ಇನ್ನೂ ಶುಚಿ ಮಾಡಬೇಕಿದೆ ಎಂದು ಪೆಟ್ಟಿಗೆಯಲ್ಲಿ ಚೀಟಿಯಿಟ್ಟು ಹುರಿಯನ್ನು ಚೀಲಕ್ಕೆ ಹಾಕಿಕೊಂಡಳು. ಮಾರೆಮ್ಮನ ಜೊತೆ ಹೊರಟು ಅವಳ ಹಟ್ಟಿಯಲ್ಲಿ ಏಳು ದಿನ ಉಳಿದಳು.

ಮೊದಲ ದಿನ ಕಾಲು ಹೋದಾಗ ಎತ್ತಿ ಹೊರಗೆ ಒಯ್ದಳು. ಎರಡನೆಯ ದಿನ ಕೈ ಹೋದಾಗ ರೊಟ್ಟಿ ಮುರಿದು ಹಾಲಲ್ಲಿ ನೆನೆಸಿ ಉಣಿಸಿದಳು. ತಲೆ ಬಾಚಿದಳು, ಮೈ ಒರೆಸಿದಳು, ಬಗಲಲ್ಲಿ ಮಲಗಿದಳು. ವಯಸ್ಸಾಗಿತ್ತು, ಲಕ್ವಾ ಹೊಡೆದಿದೆ ಎಂದರು ಊರವರು. ಹನುಮೇಶ ಬಾಗಿಲಲ್ಲಿ ನಿಂತು, "ಅತ್ತೀ, ನಾ ಆ ಸಾಮಾನು ಕೊಡಬಾರ್ದಿತ್ತೇನು?" ಎಂದು ಕೇಳಿದ. "ಹೋಗಲಿ ಬಿಡೋ, ನೀ ಕೂಸು," ಎಂದಳು ಮಾರೆಮ್ಮ.

ಮೂರನೆಯ ದಿನ ನೀರು ಇಳಿಯದಾದಾಗ ನಿಗಾರ್ ಎದ್ದು ಚೀಲದಿಂದ ಹುರಿ ತೆಗೆದಳು. "ಬಿಚ್ತೀನಿ ಅಜ್ಜಿ. ನನ್ನ ಕಡೆ ಆಗವಲ್ದು."

ಮಾರೆಮ್ಮ ಅವಳನ್ನೇ ನೋಡಿದಳು. ಕೋಪವಿರಲಿಲ್ಲ. "ಬಿಚ್ಚಿ ಯಾರ ಹೆಸರ ಹೇಳ್ತಿ?"

ನಿಗಾರ್ ಹುರಿಯನ್ನು ಹಿಡಿದುಕೊಂಡೇ ನಿಂತಳು. ಎಷ್ಟೋ ಹೊತ್ತಾದ ಮೇಲೆ ತಿರುಗಿ ಚೀಲದೊಳಗಿಟ್ಟಳು.

ನಾಲ್ಕನೆಯ ದಿನ ಮಧ್ಯಾಹ್ನದ ಮುಂಚೆ ಮಾರೆಮ್ಮ ಬಹಳ ಮಾತಾಡಿದಳು. ಯಂಕೋಬ ಕೊಳಲು ಊದುತ್ತಿದ್ದದ್ದು, ತಾನು ಮೊದಲ ಸಲ ಈ ಮನೆಗೆ ಬಂದಾಗ ಅವನು ನಾಚಿ ಕುರಿಯ ಹಿಂದೆ ನಿಂತದ್ದು. "ಅವ ಕೆಟ್ಟವ ಇರಲಿಲ್ಲ ಯವ್ವಾ. ನಾ ಕೇಳಿದ್ರ ಬಿಟ್ಟು ಬರ್ತಿದ್ದನೋ ಏನೋ. ಕೇಳಲೇ ಇಲ್ಲ, ಕಟ್ಟಿಬಿಟ್ನಿ." ಹೊತ್ತು ನೆತ್ತಿಗೆ ಬರುವುದನ್ನು ಅವಳೇ ಬಾಗಿಲಿನಿಂದ ನೋಡಿ ಹೇಳಿದಳು, "ನಿನ್ನ ಗಂಡಗ ಈ ಸುದ್ದಿ ಹೇಳಬ್ಯಾಡ. ಅವ ನಿನ್ನ ಕೈಯಾಗ ಊಟ ಮಾಡೋದು ಬಿಟ್ಟಾನು." ಆಮೇಲೆ ಅವಳೂ ಮಾತಾಡಲಿಲ್ಲ.

ಆ ಸಂಜೆಯಿಂದ ನಿಗಾರ್ ಅವಳ ಕಿವಿಯ ಬಳಿ ಕ್ಷಮಿಸು, ಕ್ಷಮಿಸು ಎಂದು ಹೇಳುತ್ತಲೇ ಇದ್ದಳು. ಐದನೆಯ ದಿನದ ನಂತರ ಅದೂ ಕೇಳುವಂತಿರಲಿಲ್ಲ. ಆರನೆಯ ದಿನದ ನಂತರ ಮುಖವನ್ನು ಮುಖಕ್ಕೆ ತಂದರೂ ಕಾಣುವಂತಿರಲಿಲ್ಲ. ಏಳನೆಯ ಮಧ್ಯಾಹ್ನ ಮಾರೆಮ್ಮನ ತಲೆ ಅವಳ ತೊಡೆಯ ಮೇಲಿತ್ತು. ಉಸಿರು ಸದ್ದಿಲ್ಲದೆ ನಿಂತಿತು.

ಹೆಂಗಸರು ಸೇರಿದರು. ಅತ್ತರು, ಹಾಡಿ ಅತ್ತರು. ನೆರೆಮನೆಯ ಗೋಪಮ್ಮ ಏಳು ದಿನವೂ ಬಂದು ನೋಡಿ ಹೋಗಿದ್ದವಳು. ಅವಳು ನಿಗಾರಳ ಎದುರು ಕೂತು, ಅವಳ ಎರಡೂ ಕೈಗಳನ್ನು ಹಿಡಿದು ತನ್ನ ಕಣ್ಣಿಗೊತ್ತಿಕೊಂಡಳು.

"ಯಾವ ಊರಾಕಿನೋ, ಯಾವ ಕುಲದಾಕಿನೋ. ಹೆತ್ತ ಮಗಳೂ ಇಂಥಾ ಸೇವಾ ಮಾಡಂಗಿಲ್ಲ. ಪುಣ್ಯದ ಕೈ ಯವ್ವಾ ನಿನ್ನವು, ಪುಣ್ಯದ ಕೈ."

ಉಳಿದ ಹೆಂಗಸರೂ ಒಬ್ಬೊಬ್ಬರೇ ಬಂದು ಆ ಕೈಗಳನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳತೊಡಗಿದರು. ನಿಗಾರ್ ಕೈ ಎಳೆದುಕೊಳ್ಳಲು ನೋಡಿದಳು. ಅವರು ಬಿಡಲಿಲ್ಲ.